ಅಮೆರಿಕದಲ್ಲಿ ಮೊದಲ ಕೆಲಸ: ಕಂಪನಿ ಕೊಡುವ ಹೆಲ್ತ್ ಇನ್ಶೂರೆನ್ಸ್ ಪ್ಲಾನ್ ಆರಿಸುವುದು ಹೇಗೆ?

ಬೆಂಗಳೂರಿನಲ್ಲಿ ಕೆಲಸ ಮಾಡುವಾಗ ಹೆಲ್ತ್ ಇನ್ಶೂರೆನ್ಸ್ ಬಗ್ಗೆ ಹೆಚ್ಚಿನವರು ತಲೆ ಕೆಡಿಸಿಕೊಳ್ಳುವುದಿಲ್ಲ. ಕಂಪನಿ ಒಂದು ಗ್ರೂಪ್ ಪಾಲಿಸಿ ಮಾಡಿಸಿರುತ್ತದೆ. ಮೂರು ಲಕ್ಷವೋ ಐದು ಲಕ್ಷವೋ ಕವರ್ ಇರುತ್ತದೆ. ಅಪ್ಪ ಅಮ್ಮನನ್ನು ಸೇರಿಸಬೇಕೆಂದರೆ ಸ್ವಲ್ಪ ಜಾಸ್ತಿ ಕಟ್ಟಿದರಾಯಿತು. ಅಮೆರಿಕಕ್ಕೆ ಬಂದವರಿಗೆ ಮೊದಲ ವಾರವೇ ಎಚ್‌ಆರ್‌ನಿಂದ ಮೇಲ್ ಬರುತ್ತದೆ. ಅದರಲ್ಲಿ ಮೂರು ನಾಲ್ಕು ಪ್ಲಾನ್‌ಗಳ ಹೆಸರು, ಅರ್ಥವಾಗದ ಹತ್ತು ಪದಗಳು, ಒಂದು ಕೊನೇ ದಿನಾಂಕ. ಮನೆ ಹುಡುಕಬೇಕು, ಸೋಷಿಯಲ್ ಸೆಕ್ಯುರಿಟಿ ನಂಬರ್ ಆಗಬೇಕು, ಬ್ಯಾಂಕ್ ಖಾತೆ ತೆರೆಯಬೇಕು. ಈ ಗಡಿಬಿಡಿಯಲ್ಲಿ ಕೆಲವರು ಸಂಬಳದಿಂದ ಕಡಿಮೆ ಹಿಡಿಯುವ ಪ್ಲಾನ್ ಒತ್ತಿ ಮುಂದೆ ಹೋಗುತ್ತಾರೆ. ಇನ್ನು ಕೆಲವರು ಪಕ್ಕದ ಸೀಟಿನವರು ತೆಗೆದುಕೊಂಡದ್ದನ್ನೇ ತೆಗೆದುಕೊಳ್ಳುತ್ತಾರೆ. ದಯವಿಟ್ಟು ಎರಡನ್ನೂ ಮಾಡಬೇಡಿ. ಒಂದು ಸಂಜೆ ಬಿಡುವು ಮಾಡಿಕೊಂಡು, ಕಾಗದ ಪೆನ್ನು ಹಿಡಿದು ಕೂತರೆ ಸಾಕು.

ಊರಿನ ಲೆಕ್ಕವನ್ನು ಮೊದಲು ಮರೆಯಿರಿ

ನಮ್ಮ ಕಡೆ ಪಾಲಿಸಿಯಲ್ಲಿ ಇನ್ಶೂರೆನ್ಸ್ ಕಂಪನಿಗೆ ಮಿತಿ ಇರುತ್ತದೆ. ಐದು ಲಕ್ಷದವರೆಗೆ ಅವರು ಕೊಡುತ್ತಾರೆ, ಆಮೇಲಿನದು ನಿಮ್ಮದು. ಅಮೆರಿಕದಲ್ಲಿ ಮಿತಿ ಇರುವುದು ನಿಮಗೆ. ವರ್ಷಕ್ಕೆ ಇಷ್ಟು ಡಾಲರ್‌ವರೆಗೆ ನೀವು ಕೊಡುತ್ತೀರಿ, ಅದರ ಮೇಲೆ ನೆಟ್‌ವರ್ಕ್‌ನ (ಪ್ಲಾನ್ ಜೊತೆ ಒಪ್ಪಂದವಿರುವ) ಡಾಕ್ಟರ್, ಆಸ್ಪತ್ರೆಗಳಲ್ಲಿ ಪ್ಲಾನ್ ಕವರ್ ಮಾಡುವ ಖರ್ಚೆಲ್ಲ ಇನ್ಶೂರೆನ್ಸ್‌ನವರದು. ಆಸ್ಪತ್ರೆ ಬಿಲ್ ಎರಡು ಲಕ್ಷ ಡಾಲರ್ ಆದರೂ ಅಷ್ಟೇ. ಈ ಮಿತಿಗೆ 'ಔಟ್ ಆಫ್ ಪಾಕೆಟ್ ಮ್ಯಾಕ್ಸಿಮಮ್' ಎನ್ನುತ್ತಾರೆ. 2025ರಲ್ಲಿ ಕಾನೂನು ಪ್ರಕಾರ ಇದು ಒಬ್ಬರಿಗೆ 9,200 ಡಾಲರ್, ಕುಟುಂಬಕ್ಕೆ 18,400 ಡಾಲರ್ ದಾಟುವಂತಿರಲಿಲ್ಲ. ಒಳ್ಳೆಯ ಕಂಪನಿಗಳ ಪ್ಲಾನ್‌ಗಳಲ್ಲಿ ಇದಕ್ಕಿಂತ ಎಷ್ಟೋ ಕಡಿಮೆ ಇರುತ್ತದೆ. ಪ್ಲಾನ್ ಹೋಲಿಸುವಾಗ ಕಣ್ಣು ಮೊದಲು ಹೋಗಬೇಕಾದ್ದು ಈ ಅಂಕಿಯ ಮೇಲೆ. ನಿಮ್ಮ ಕೆಟ್ಟ ವರ್ಷ ಎಷ್ಟು ಕೆಟ್ಟದಾಗಬಹುದು ಎಂದು ಹೇಳುವುದು ಇದೊಂದೇ.

ಇನ್ನೂ ಕೆಲವು ವ್ಯತ್ಯಾಸಗಳು ನಿಮಗೆ ಅನುಕೂಲವಾಗಿಯೇ ಇವೆ. ಮೊದಲೇ ಶುಗರ್, ಬಿಪಿ, ಥೈರಾಯ್ಡ್ ಇದೆ ಎಂದು ನಿಮ್ಮನ್ನು ಹೊರಗಿಡುವಂತಿಲ್ಲ, ಪ್ರೀಮಿಯಂ ಜಾಸ್ತಿ ಕೇಳುವಂತಿಲ್ಲ, ಆ ಕಾಯಿಲೆಗೆ ಕಾಯುವ ಅವಧಿಯೂ ಇಲ್ಲ. ಕವರೇಜ್ ಶುರುವಾಗುವ ಹೊತ್ತಿಗೆ ಹೆಂಡತಿ ಬಸುರಿಯಾಗಿದ್ದರೂ ಹೆರಿಗೆ ಕವರ್ ಆಗುತ್ತದೆ. ಸುಮ್ನೆ ಡಾಕ್ಟರ್ ಹತ್ತಿರ ತೋರಿಸಿಕೊಂಡು ಬರುವುದೂ ಪ್ಲಾನ್‌ನೊಳಗೇ ಬರುತ್ತದೆ. ಮಕ್ಕಳು 26 ವರ್ಷದವರೆಗೆ ನಿಮ್ಮ ಪ್ಲಾನ್‌ನಲ್ಲಿ ಇರಬಹುದು. ಅಪ್ಪ ಅಮ್ಮನನ್ನು ಮಾತ್ರ ಸಾಮಾನ್ಯವಾಗಿ ಸೇರಿಸಲಾಗದು. ಅವರು ಬಂದು ಹೋಗುವಾಗ ಬೇರೆಯಾಗಿ ವಿಸಿಟರ್ ಇನ್ಶೂರೆನ್ಸ್ ತೆಗೆಯಬೇಕು.

ಹೆಜ್ಜೆ 1: ಮೂರು ದಿನಾಂಕ ಬರೆದಿಟ್ಟುಕೊಳ್ಳಿ

ಒಂದು, ಕವರೇಜ್ ಶುರುವಾಗುವ ದಿನ. ಕೆಲವು ಕಡೆ ಕೆಲಸಕ್ಕೆ ಸೇರಿದ ದಿನವೇ, ಕೆಲವು ಕಡೆ ಮುಂದಿನ ತಿಂಗಳ 1ನೇ ತಾರೀಖು. ಕಾನೂನು ಪ್ರಕಾರ ಕಂಪನಿ 90 ದಿನದವರೆಗೂ ಕಾಯಿಸಬಹುದು. ಊರಿಂದ ಹೊರಡುವ ಮುನ್ನವೇ ಎಚ್‌ಆರ್‌ಗೆ ಮೇಲ್ ಹಾಕಿ ಇದನ್ನು ಕೇಳಿ. ನಡುವೆ ಖಾಲಿ ದಿನಗಳಿದ್ದರೆ ಅಷ್ಟಕ್ಕೆ ಟ್ರಾವೆಲ್ ಇನ್ಶೂರೆನ್ಸ್ ಮಾಡಿಸಿಕೊಂಡೇ ವಿಮಾನ ಹತ್ತಿ.

ಎರಡು, ಪ್ಲಾನ್ ಆರಿಸಲು ಕೊನೇ ದಿನ. ಸಾಮಾನ್ಯವಾಗಿ ಸೇರಿದ 30 ಅಥವಾ 31 ದಿನ. ಇದು ತಪ್ಪಿದರೆ, ವರ್ಷಕ್ಕೊಮ್ಮೆ ಎಲ್ಲರಿಗೂ ಪ್ಲಾನ್ ಆರಿಸಲು ಅವಕಾಶ ಕೊಡುವ ಅವಧಿ, ಅಂದರೆ ಮುಂದಿನ ಓಪನ್ ಎನ್‌ರೋಲ್‌ಮೆಂಟ್‌ವರೆಗೆ ಇನ್ಶೂರೆನ್ಸೇ ಇಲ್ಲದ ಪರಿಸ್ಥಿತಿ ಬರಬಹುದು. ಮದುವೆ, ಮಗು ಹುಟ್ಟುವುದು, ಬೇರೆ ಕಡೆಯ ಇನ್ಶೂರೆನ್ಸ್ ಹೋಗುವುದು ಇಂಥ ಕಾರಣಗಳಿದ್ದರೆ ಮಾತ್ರ ನಡುವೆ ಬದಲಾವಣೆಗೆ ಅವಕಾಶ. ಅದಕ್ಕೂ ಸಾಮಾನ್ಯವಾಗಿ 30 ದಿನದ ಗಡುವು. ಸಂಸಾರವನ್ನು ಆಮೇಲೆ ಕರೆಸಿಕೊಳ್ಳುವವರು 'ಹೆಂಡತಿ, ಮಕ್ಕಳು ಜನವರಿಯಲ್ಲಿ ಬರ್ತಾರೆ, ಆಗ ಸೇರಿಸಬಹುದಾ, ಯಾವ ದಾಖಲೆ ಬೇಕು' ಎಂದು ಈಗಲೇ ಕೇಳಿ. ಉತ್ತರ ಮೇಲ್‌ನಲ್ಲೇ ಇರಲಿ. ಈ ವಿಷಯದಲ್ಲಿ ಎಲ್ಲ ಕಂಪನಿಗಳ ನಿಯಮ ಒಂದೇ ಅಲ್ಲ.

ಮೂರು, ಪ್ಲಾನ್‌ನ ವರ್ಷ ಮುಗಿಯುವ ದಿನ. ಬಹುತೇಕ ಡಿಸೆಂಬರ್ 31. ನಮ್ಮವರಿಗೆ ಇದು ತುಂಬಾ ಮುಖ್ಯ. ಹೊಸ ಎಚ್‌-1ಬಿ ವೀಸಾಗಳು ಅಕ್ಟೋಬರ್ 1ರಿಂದ ಜಾರಿಗೆ ಬರುತ್ತವೆ, ಹಾಗಾಗಿ ಎಷ್ಟೋ ಮಂದಿ ಕೆಲಸ ಶುರುಮಾಡುವುದು ಆ ಹೊತ್ತಿಗೆ. ಆಗ ನೀವು ಎರಡು ಸಲ ಆರಿಸಬೇಕಾಗುತ್ತದೆ. ಉಳಿದ ಎರಡು ಮೂರು ತಿಂಗಳಿಗೆ ಒಮ್ಮೆ, ನವೆಂಬರ್ ಸುಮಾರಿಗೆ ಬರುವ ಓಪನ್ ಎನ್‌ರೋಲ್‌ಮೆಂಟ್‌ನಲ್ಲಿ ಮುಂದಿನ ವರ್ಷಕ್ಕೆ ಇನ್ನೊಮ್ಮೆ. ಎರಡಕ್ಕೂ ಒಂದೇ ಉತ್ತರ ಬರಬೇಕೆಂದೇನಿಲ್ಲ. ನವೆಂಬರ್‌ನಲ್ಲಿ ನೀವು ಕಟ್ಟಿದ ಡಿಡಕ್ಟಿಬಲ್ (ಇನ್ಶೂರೆನ್ಸ್ ಕೊಡಲು ಶುರುಮಾಡುವ ಮುನ್ನ ವರ್ಷಕ್ಕೆ ನೀವೇ ಕೊಡುವ ಮೊತ್ತ) ಜನವರಿ 1ಕ್ಕೆ ಮತ್ತೆ ಸೊನ್ನೆಯಿಂದ ಶುರುವಾಗುತ್ತದೆ. ಕಾಯಬಹುದಾದ ಆಪರೇಷನ್, ಸ್ಕ್ಯಾನ್ ಇದ್ದರೆ ಡಾಕ್ಟರನ್ನು ಕೇಳಿ ಜನವರಿಗೆ ಇಟ್ಟುಕೊಳ್ಳುವುದು ಲಾಭ. ಅದು ಇಡೀ ವರ್ಷದ ಲೆಕ್ಕಕ್ಕೆ ಬರುತ್ತದೆ.

ಹೆಜ್ಜೆ 2: ಐದು ಪದ ಗೊತ್ತಿದ್ದರೆ ಸಾಕು

ಪ್ರೀಮಿಯಂ ಎಂದರೆ ಕಾಯಿಲೆ ಬರಲಿ ಬಿಡಲಿ, ಪ್ರತಿ ಸಂಬಳದಿಂದ ಹಿಡಿಯುವ ಹಣ. ಡಿಡಕ್ಟಿಬಲ್ ಎಂದರೆ ಇನ್ಶೂರೆನ್ಸ್ ಕೈ ಹಾಕುವ ಮುನ್ನ ವರ್ಷದಲ್ಲಿ ನೀವೇ ಕೊಡಬೇಕಾದ ಮೊತ್ತ. ಅದು ಮುಗಿದ ಮೇಲೆ ಬಿಲ್‌ನಲ್ಲಿ ನಿಮ್ಮ ಪಾಲು ಶೇಕಡಾ ಇಷ್ಟು ಎಂದು ಇರುತ್ತದಲ್ವಾ, ಅದು ಕೋಇನ್ಶೂರೆನ್ಸ್. ಡಾಕ್ಟರ್ ಭೇಟಿಗೆ, ಔಷಧಿಗೆ 25 ಡಾಲರ್, 40 ಡಾಲರ್ ಎಂದು ಗೊತ್ತುಮಾಡಿದ್ದು ಕೋಪೇ. ಐದನೆಯದು ಆಗಲೇ ಹೇಳಿದ ಔಟ್ ಆಫ್ ಪಾಕೆಟ್ ಮ್ಯಾಕ್ಸಿಮಮ್. ಪ್ರೀಮಿಯಂ ಈ ಮಿತಿಯೊಳಗೆ ಸೇರುವುದಿಲ್ಲ, ಅದು ಬೇರೆ.

ವರ್ಷಕ್ಕೊಮ್ಮೆಯ ಚೆಕಪ್, ಮಕ್ಕಳ ಲಸಿಕೆಯಂಥ ಮುನ್ನೆಚ್ಚರಿಕೆ ಸೇವೆಗಳು ನೆಟ್‌ವರ್ಕ್‌ನ ಡಾಕ್ಟರ್ ಬಳಿ ಪುಕ್ಕಟೆ. ಅದಕ್ಕೆ ಡಿಡಕ್ಟಿಬಲ್ ಕೂಡ ಇಲ್ಲ. ಆದರೆ ಚೆಕಪ್‌ಗೆ ಹೋಗಿ 'ಮಂಡಿ ನೋವೂ ಇದೆ, ನೋಡಿ' ಎಂದರೆ ಅದಕ್ಕೆ ಬೇರೆ ಬಿಲ್ ಬರಬಹುದು.

ಹೆಜ್ಜೆ 3: ಯಾವ ತರಹದ ಪ್ಲಾನ್ ಎಂದು ಗುರುತಿಸಿ

ಎಚ್‌ಎಂಒದಲ್ಲಿ ನಿಮಗೊಬ್ಬರು ಪ್ರೈಮರಿ ಡಾಕ್ಟರ್ ಇರುತ್ತಾರೆ. ಸ್ಪೆಷಲಿಸ್ಟ್ ಬೇಕೆಂದರೆ ಸಾಮಾನ್ಯವಾಗಿ ಅವರೇ ರೆಫರಲ್ ಕೊಡಬೇಕು. ಎಮರ್ಜೆನ್ಸಿ ಬಿಟ್ಟರೆ ನೆಟ್‌ವರ್ಕ್ ಹೊರಗೆ ಹೋದರೆ ಪೂರ್ತಿ ಖರ್ಚು ನಿಮ್ಮದೇ. ಕ್ಯಾಲಿಫೋರ್ನಿಯಾದ ಕಡೆ ಇರುವವರಿಗೆ ಕೈಸರ್ ಪರ್ಮನೆಂಟೆ ಪರಿಚಯ ಇರುತ್ತದೆ. ಅಲ್ಲಿ ಡಾಕ್ಟರ್, ಲ್ಯಾಬ್, ಔಷಧಿ ಅಂಗಡಿ, ಇನ್ಶೂರೆನ್ಸ್ ಎಲ್ಲ ಒಂದೇ ವ್ಯವಸ್ಥೆಯೊಳಗೆ. ಯಾವ ಡಾಕ್ಟರೂ ಗೊತ್ತಿಲ್ಲದೆ ಹೊಸದಾಗಿ ಬಂದವರಿಗೆ ಈ ಬಗೆ ನಿಜಕ್ಕೂ ಸುಲಭ ಎಂದು ನನ್ನ ಅಭಿಪ್ರಾಯ, ಆಸ್ಪತ್ರೆ ಮನೆಗೆ ಹತ್ತಿರ ಇದ್ದರೆ. ಪಿಪಿಒದಲ್ಲಿ ರೆಫರಲ್ ಬೇಡ, ನೆಟ್‌ವರ್ಕ್ ಹೊರಗೂ ಹೋಗಬಹುದು, ಹೊರಗೆ ಹೋದರೆ ನಿಮ್ಮ ಪಾಲು ಜಾಸ್ತಿ. ಪ್ರೀಮಿಯಂ ಕೂಡ ಸಾಮಾನ್ಯವಾಗಿ ಜಾಸ್ತಿ. ಇಪಿಒ ಇವೆರಡರ ನಡುವಿನದು. ಹೆಚ್ಚಾಗಿ ರೆಫರಲ್ ಬೇಡ, ಆದರೆ ಹೊರಗೆ ಹೋಗುವಂತಿಲ್ಲ.

ನಾಲ್ಕನೆಯದು ಎಚ್‌ಡಿಎಚ್‌ಪಿ, ಅಂದರೆ ಡಿಡಕ್ಟಿಬಲ್ ಜಾಸ್ತಿ, ಪ್ರೀಮಿಯಂ ಕಡಿಮೆ ಇರುವ ಪ್ಲಾನ್. ಇದರ ಜೊತೆ ಎಚ್‌ಎಸ್‌ಎ ಎಂಬ ಉಳಿತಾಯ ಖಾತೆ ಸಿಗುತ್ತದೆ. ಅದರಲ್ಲಿ ಹಾಕಿದ ಹಣಕ್ಕೆ ಫೆಡರಲ್ ತೆರಿಗೆ ಇಲ್ಲ, ಬೆಳೆದದ್ದಕ್ಕೂ ಇಲ್ಲ, ವೈದ್ಯಕೀಯ ಖರ್ಚಿಗೆ ತೆಗೆದರೂ ಇಲ್ಲ. ಕ್ಯಾಲಿಫೋರ್ನಿಯಾ ಮತ್ತು ನ್ಯೂಜೆರ್ಸಿಯಲ್ಲಿ ಮಾತ್ರ ರಾಜ್ಯದ ತೆರಿಗೆ ವಿನಾಯಿತಿ ಸಿಗುವುದಿಲ್ಲ. 2025ರ ಮಿತಿ ಒಬ್ಬರಿಗೆ 4,300, ಕುಟುಂಬಕ್ಕೆ 8,550 ಡಾಲರ್. ಎಷ್ಟೋ ಕಂಪನಿಗಳು ತಾವೂ ಸ್ವಲ್ಪ ಹಣ ಹಾಕುತ್ತವೆ. ಕೆಲಸ ಬಿಟ್ಟರೂ, ಊರಿಗೆ ವಾಪಸ್ ಹೋದರೂ ಈ ಖಾತೆ ನಿಮ್ಮದೇ. ರಜೆಗೆ ಮೈಸೂರಿಗೆ ಹೋದಾಗ ಹಲ್ಲಿನ ರೂಟ್ ಕೆನಾಲ್ ಮಾಡಿಸಿಕೊಂಡರೂ ಇದರಿಂದ ಭರಿಸಬಹುದು, ರಸೀದಿ ಇಟ್ಟುಕೊಂಡಿರಬೇಕು ಅಷ್ಟೇ. ಬೇರೆ ಖರ್ಚಿಗೆ ತೆಗೆದರೆ ಮಾತ್ರ 65 ವರ್ಷದವರೆಗೆ ತೆರಿಗೆಯ ಜೊತೆ ಶೇ 20 ದಂಡ.

ಎಫ್‌ಎಸ್‌ಎ ಎಂಬುದು ವೈದ್ಯಕೀಯ ಖರ್ಚಿಗೆಂದೇ ಕಂಪನಿ ಮೂಲಕ ಸಿಗುವ ಬೇರೆ ಖಾತೆ. ಅದರಲ್ಲೂ ತೆರಿಗೆ ಉಳಿಯುತ್ತದೆ, ಆದರೆ ವರ್ಷದಲ್ಲಿ ಖರ್ಚಾಗದ ಹಣ ಹೋಗಿಬಿಡಬಹುದು. ಗಂಡ ಹೆಂಡತಿ ಇಬ್ಬರೂ ಕೆಲಸದಲ್ಲಿದ್ದರೆ ಎಚ್ಚರ. ಒಬ್ಬರು ತಮ್ಮ ಕಂಪನಿಯಲ್ಲಿ ಸಾಮಾನ್ಯ ಎಫ್‌ಎಸ್‌ಎ ತೆಗೆದುಕೊಂಡರೆ ಇನ್ನೊಬ್ಬರಿಗೆ ಎಚ್‌ಎಸ್‌ಎಗೆ ಹಣ ಹಾಕುವ ಅರ್ಹತೆ ಹೋಗುತ್ತದೆ.

ಹೆಜ್ಜೆ 4: ಎಸ್‌ಬಿಸಿ ಓದಿ, ಕೊನೆಯ ಪುಟಗಳಿಂದ

ಪ್ರತಿ ಪ್ಲಾನ್‌ಗೂ 'ಸಮ್ಮರಿ ಆಫ್ ಬೆನಿಫಿಟ್ಸ್ ಅಂಡ್ ಕವರೇಜ್' ಎಂಬ ಕೆಲವೇ ಪುಟಗಳ ದಾಖಲೆ ಕೊಡಲೇಬೇಕೆಂದು ಕಾನೂನಿದೆ. ಎಲ್ಲ ಕಂಪನಿಗಳದ್ದೂ ಒಂದೇ ನಮೂನೆ, ಹಾಗಾಗಿ ಪಕ್ಕಪಕ್ಕ ಇಟ್ಟು ನೋಡಬಹುದು. ಬಣ್ಣಬಣ್ಣದ ಜಾಹೀರಾತು ಪಿಡಿಎಫ್ ಬಿಟ್ಟು ಇದನ್ನೇ ತೆರೆಯಿರಿ. ಕೊನೆಯಲ್ಲಿ ಮೂರು ಉದಾಹರಣೆಗಳಿರುತ್ತವೆ: ಹೆರಿಗೆ, ಒಂದು ವರ್ಷದ ಶುಗರ್ ಚಿಕಿತ್ಸೆ, ಮೂಳೆ ಮುರಿತ. ಪ್ರತಿಯೊಂದರಲ್ಲೂ ರೋಗಿಯ ಪಾಲು ಎಷ್ಟು ಎಂದು ಡಾಲರ್‌ನಲ್ಲೇ ಬರೆದಿರುತ್ತದೆ.

ಅದಕ್ಕೂ ಸ್ವಲ್ಪ ಮೊದಲು ಎರಡು ಸಾಲುಗಳಿವೆ. ಸಣ್ಣ ಕನ್ಸಲ್ಟೆನ್ಸಿಗಳ ಮೂಲಕ ಬಂದವರು ಇವನ್ನು ಬೆರಳಿಟ್ಟು ಓದಬೇಕು. 'ಮಿನಿಮಮ್ ಎಸೆನ್ಷಿಯಲ್ ಕವರೇಜ್ ಇದೆಯೇ?' ಎಂಬುದು ಮೊದಲ ಪ್ರಶ್ನೆ. 'ಮಿನಿಮಮ್ ವ್ಯಾಲ್ಯೂ ಸ್ಟ್ಯಾಂಡರ್ಡ್ಸ್ ಮುಟ್ಟುತ್ತದೆಯೇ?', ಅಂದರೆ ಚಿಕಿತ್ಸೆಯ ಖರ್ಚಿನಲ್ಲಿ ಸಾಕಷ್ಟು ಪಾಲು ಕೊಡುತ್ತದೆಯೇ ಎಂಬುದು ಎರಡನೆಯದು. ಮೊದಲನೆಯದಕ್ಕೆ 'ಯೆಸ್', ಎರಡನೆಯದಕ್ಕೆ 'ನೋ' ಎಂದಿದ್ದರೆ ಆ ಪ್ಲಾನ್ ನಂಬಿ ಕೂರಬೇಡಿ. ಎಂಇಸಿ (ಮಿನಿಮಮ್ ಎಸೆನ್ಷಿಯಲ್ ಕವರೇಜ್) ಎಂದು ಮಾರುವ ಕೆಲವು ಅಗ್ಗದ ಪ್ಲಾನ್‌ಗಳು ಚೆಕಪ್, ಲಸಿಕೆಗೆ ಮಾತ್ರ ಕೊಡುತ್ತವೆ. ಆಸ್ಪತ್ರೆಗೆ ಸೇರಿದರೆ ಏನೂ ಇಲ್ಲ. ಇಂಥದ್ದೊಂದೇ ಸಿಗುವುದಾದರೆ ಸರ್ಕಾರದ ಮಾರ್ಕೆಟ್‌ಪ್ಲೇಸ್‌ನಲ್ಲಿ ಸ್ವಂತವಾಗಿ ಪ್ಲಾನ್ ಕೊಳ್ಳಬಹುದು, ಎಚ್‌-1ಬಿ, ಎಚ್‌-4ನಲ್ಲಿ (ಅವರ ಗಂಡ, ಹೆಂಡತಿ, ಮಕ್ಕಳ ವೀಸಾ) ಇರುವವರಿಗೂ ಅವಕಾಶವಿದೆ. ಆಫರ್ ಲೆಟರ್‌ಗೆ ಸಹಿ ಹಾಕುವ ಮುನ್ನವೇ ಎಸ್‌ಬಿಸಿ ಮತ್ತು ಪ್ರೀಮಿಯಂ ಪಟ್ಟಿ ಕೇಳಿ ತರಿಸಿಕೊಳ್ಳಿ. 'ಇನ್ಶೂರೆನ್ಸ್ ಕೊಡ್ತೀವಿ' ಎಂಬ ಮಾತಿನಲ್ಲಿ ಕಂಪನಿ ಎಷ್ಟು ಭಾಗ ಕಟ್ಟುತ್ತದೆ ಎಂಬುದು ಗೊತ್ತಾಗುವುದಿಲ್ಲ. ನೌಕರನದ್ದು ಪೂರ್ತಿ ಕಟ್ಟಿ, ಹೆಂಡತಿ ಮಕ್ಕಳ ಭಾಗವನ್ನು ನಿಮ್ಮ ಸಂಬಳದಿಂದಲೇ ಹಿಡಿಯುವ ಕಂಪನಿಗಳಿವೆ. 2024ರಲ್ಲಿ ಕಂಪನಿಗಳ ಕುಟುಂಬ ಪ್ಲಾನ್‌ನ ಸರಾಸರಿ ಪೂರ್ತಿ ಪ್ರೀಮಿಯಂ ವರ್ಷಕ್ಕೆ 25,572 ಡಾಲರ್, ಅದರಲ್ಲಿ ನೌಕರರು ಕಟ್ಟಿದ್ದು ಸರಾಸರಿ 6,296 ಡಾಲರ್ ಎಂದು ಕೆಎಫ್ಎಫ್ ಸಂಸ್ಥೆಯ ಸಮೀಕ್ಷೆ ಹೇಳುತ್ತದೆ. ಕಂಪನಿ ಕೈ ಬಿಗಿ ಹಿಡಿದರೆ ಹೊರೆ ಎಲ್ಲಿಗೆ ಹೋಗಬಹುದು ನೋಡಿ. ಸಂಬಳ ಮಾತಾಡುವಾಗ ಇದೂ ಸಂಬಳವೇ.

ಹೆಜ್ಜೆ 5: ಮೂರು ವರ್ಷಗಳ ಲೆಕ್ಕ ಹಾಕಿ

ಬಹುಮುಖ್ಯ ಹೆಜ್ಜೆ ಇದು. ಆರಾಮಾಗಿ ಹೋಗುವ ವರ್ಷ, ಸಾಧಾರಣ ವರ್ಷ, ಕೆಟ್ಟ ವರ್ಷ, ಈ ಮೂರಕ್ಕೂ ಪ್ರತಿ ಪ್ಲಾನ್‌ನಲ್ಲಿ ಒಟ್ಟು ಎಷ್ಟು ಹೋಗುತ್ತದೆ ಎಂದು ಬರೆಯಿರಿ. ಸೂತ್ರ ಸರಳ: ವರ್ಷದ ಪ್ರೀಮಿಯಂ, ಅದಕ್ಕೆ ನಿಮ್ಮ ಪಾಲಿನ ಬಿಲ್ ಸೇರಿಸಿ, ಕಂಪನಿ ಎಚ್‌ಎಸ್‌ಎಗೆ ಹಾಕುವ ಹಣ ಕಳೆಯಿರಿ.

ಗಂಡ ಹೆಂಡತಿಗೆ ಎರಡು ಪ್ಲಾನ್ ಇವೆ ಎಂದುಕೊಳ್ಳಿ. ಪಿಪಿಒ: ತಿಂಗಳಿಗೆ 320 ಡಾಲರ್, ಡಿಡಕ್ಟಿಬಲ್ 1,000, ಆಮೇಲೆ ಶೇ 20, ಮಿತಿ 5,000. ಎಚ್‌ಡಿಎಚ್‌ಪಿ: ತಿಂಗಳಿಗೆ 200 ಡಾಲರ್, ಡಿಡಕ್ಟಿಬಲ್ 4,000, ಆಮೇಲೆ ಶೇ 20, ಮಿತಿ 8,000, ಕಂಪನಿ ಎಚ್‌ಎಸ್‌ಎಗೆ 1,000 ಹಾಕುತ್ತದೆ. ಲೆಕ್ಕ ಸುಲಭವಾಗಲೆಂದು ಕೋಪೇ ಬಿಟ್ಟುಬಿಡೋಣ.

ವರ್ಷದಲ್ಲಿ 600 ಡಾಲರ್ ಬಿಲ್ ಆದರೆ, ಪಿಪಿಒ: 3,840 ಕೂಡಿಸು 600, ಒಟ್ಟು 4,440. ಎಚ್‌ಡಿಎಚ್‌ಪಿ: 2,400 ಕೂಡಿಸು 600 ಕಳೆ 1,000, ಒಟ್ಟು 2,000.

5,000 ಡಾಲರ್ ಬಿಲ್ ಆದರೆ, ಪಿಪಿಒದಲ್ಲಿ ಡಿಡಕ್ಟಿಬಲ್ 1,000, ಉಳಿದ 4,000ದಲ್ಲಿ ನಿಮ್ಮ ಪಾಲು 800. ಪ್ರೀಮಿಯಂ ಸೇರಿ 5,640. ಎಚ್‌ಡಿಎಚ್‌ಪಿಯಲ್ಲಿ 4,000 ಮತ್ತು 200. ಪ್ರೀಮಿಯಂ ಸೇರಿಸಿ 1,000 ಕಳೆದರೆ 5,600. ಹೆಚ್ಚುಕಡಿಮೆ ಒಂದೇ.

60,000 ಡಾಲರ್ ಬಿಲ್ ಆದರೆ ಎರಡರಲ್ಲೂ ಮಿತಿ ಮುಟ್ಟುತ್ತದೆ. ಪಿಪಿಒ: 8,840. ಎಚ್‌ಡಿಎಚ್‌ಪಿ: 9,400.

ಆರಾಮಿನ ವರ್ಷದಲ್ಲಿ ಎಚ್‌ಡಿಎಚ್‌ಪಿಯಿಂದ 2,440 ಡಾಲರ್ ಉಳಿತಾಯ. ಕೆಟ್ಟ ವರ್ಷದಲ್ಲಿ ನಷ್ಟ ಬರೀ 560. ಕಾಗದದ ಮೇಲೆ ಎಚ್‌ಡಿಎಚ್‌ಪಿಯೇ ಗೆದ್ದಂತೆ ಕಾಣುತ್ತದೆ. ಆದರೆ ಹೊಸಬರು ಇನ್ನೊಂದು ಪ್ರಶ್ನೆ ಕೇಳಿಕೊಳ್ಳಬೇಕು: ಫೆಬ್ರವರಿಯಲ್ಲೇ ಅಪೆಂಡಿಕ್ಸ್ ಆಪರೇಷನ್ ಆದರೆ ಆ 8,000 ಡಾಲರ್ ಎಲ್ಲಿಂದ ಬರುತ್ತದೆ? ಮನೆಯ ಅಡ್ವಾನ್ಸ್, ಕಾರಿನ ಡೌನ್ ಪೇಮೆಂಟ್, ಊರಿನ ಸಾಲ ಎಲ್ಲ ಮೊದಲ ವರ್ಷವೇ ಇರುತ್ತವೆ. ಎಚ್‌ಎಸ್‌ಎಯಲ್ಲಿ ಆಗಿನ್ನೂ ದುಡ್ಡು ಕೂಡಿರುವುದಿಲ್ಲ. ಕೈಯಲ್ಲಿ ಡಿಡಕ್ಟಿಬಲ್‌ನಷ್ಟಾದರೂ ಹಣ ಇಲ್ಲದಿದ್ದರೆ, ದಿನಾ ಔಷಧಿ ಬೇಕಾದವರು ಮನೆಯಲ್ಲಿದ್ದರೆ, ಅಥವಾ ಆ ವರ್ಷ ಹೆರಿಗೆ ಇದ್ದರೆ ಕಡಿಮೆ ಡಿಡಕ್ಟಿಬಲ್‌ನ ಪ್ಲಾನ್ ತೆಗೆದುಕೊಳ್ಳಿ ಎಂದೇ ನಾನು ಹೇಳುತ್ತೇನೆ. ಖರ್ಚಿಗೆ ಹೆದರಿ ಡಾಕ್ಟರ್ ಬಳಿ ಹೋಗುವುದನ್ನೇ ಮುಂದೂಡುವಂತೆ ಮಾಡುವ ಪ್ಲಾನ್ ಎಷ್ಟು ಅಗ್ಗವಾಗಿದ್ದರೂ ಬೇಡ. ಒಂಟಿಯಾಗಿರುವ, ಆರೋಗ್ಯವಾಗಿರುವ, ಸ್ವಲ್ಪ ಉಳಿತಾಯ ಇರುವ ಹುಡುಗ ಹುಡುಗಿಯರಿಗೆ ಎಚ್‌ಡಿಎಚ್‌ಪಿ ಚೆನ್ನಾಗಿ ಹೊಂದುತ್ತದೆ. ಪ್ರೀಮಿಯಂನಲ್ಲಿ ಉಳಿದ ಹಣವನ್ನು ನಿಜವಾಗಿ ಎಚ್‌ಎಸ್‌ಎಗೆ ಹಾಕಿದರೆ ಮಾತ್ರ.

ಸಂಬಳ ಎರಡು ವಾರಕ್ಕೊಮ್ಮೆ ಬರುವ ಕಡೆ ಪಟ್ಟಿಯಲ್ಲಿರುವ ಪ್ರೀಮಿಯಂ ಒಂದು ಸಂಬಳದ್ದೇ ಆಗಿರಬಹುದು. ಹಾಗಿದ್ದರೆ 12ರಿಂದ ಅಲ್ಲ, 26ರಿಂದ ಗುಣಿಸಬೇಕು. ಇನ್ನೊಂದು: ಕುಟುಂಬದ ಡಿಡಕ್ಟಿಬಲ್ ಎರಡು ತರಹ. ಕೆಲವು ಪ್ಲಾನ್‌ಗಳಲ್ಲಿ ಪ್ರತಿಯೊಬ್ಬರಿಗೂ ಒಳಗೊಂದು ಚಿಕ್ಕ ಡಿಡಕ್ಟಿಬಲ್ ಇರುತ್ತದೆ. ಕೆಲವು ಎಚ್‌ಡಿಎಚ್‌ಪಿಗಳಲ್ಲಿ ಒಬ್ಬರಿಗೇ ಕಾಯಿಲೆ ಬಂದರೂ ಇಡೀ ಕುಟುಂಬದ ಡಿಡಕ್ಟಿಬಲ್ ಮುಗಿಯಬೇಕು. ಎಸ್‌ಬಿಸಿಯ ಮೊದಲ ಪುಟದಲ್ಲೇ ಇದು ಸಿಗುತ್ತದೆ.

ಹೆಜ್ಜೆ 6: ಫೋನ್ ಮಾಡಿ ನೆಟ್‌ವರ್ಕ್ ಖಚಿತಪಡಿಸಿಕೊಳ್ಳಿ

ಪ್ಲಾನ್‌ನ ವೆಬ್‌ಸೈಟ್‌ನಲ್ಲಿ ಡಾಕ್ಟರ್‌ಗಳ ಪಟ್ಟಿ ಇರುತ್ತದೆ. ಮನೆಯ ಜಿಪ್ ಕೋಡ್ ಹಾಕಿ ಪ್ರೈಮರಿ ಡಾಕ್ಟರ್, ಮಕ್ಕಳ ಡಾಕ್ಟರ್, ಹತ್ತಿರದ ಆಸ್ಪತ್ರೆ ಹುಡುಕಿ. ಆ ಪಟ್ಟಿ ಹಳೆಯದಾಗಿರಬಹುದು, ಅದಕ್ಕೇ ಕ್ಲಿನಿಕ್‌ಗೆ ಫೋನ್ ಮಾಡಿ. ಇಂಥ ಕಂಪನಿಯ ಇನ್ಶೂರೆನ್ಸ್ ತಗೋತೀರಾ ಎಂದು ಕೇಳಬೇಡಿ. ಒಂದೇ ಕಂಪನಿಗೆ ಹಲವು ನೆಟ್‌ವರ್ಕ್‌ಗಳಿರುತ್ತವೆ, 'ತಗೋತೀವಿ' ಎಂಬ ಉತ್ತರ ನಿಮ್ಮ ಪ್ಲಾನ್‌ಗೆ ಅನ್ವಯಿಸದೆ ಇರಬಹುದು. ಪ್ಲಾನ್‌ನ ನೆಟ್‌ವರ್ಕ್ ಹೆಸರು ಹೇಳಿ, 'ಈ ನೆಟ್‌ವರ್ಕ್‌ನಲ್ಲಿ ನೀವು ಇದ್ದೀರಾ, ಹೊಸ ರೋಗಿಗಳನ್ನು ತೆಗೆದುಕೊಳ್ಳುತ್ತಿದ್ದೀರಾ, ಮೊದಲ ಅಪಾಯಿಂಟ್‌ಮೆಂಟ್ ಯಾವಾಗ ಸಿಗುತ್ತೆ' ಎಂದು ಮೂರನ್ನೂ ಕೇಳಿ.

ದಿನಾ ತೆಗೆದುಕೊಳ್ಳುವ ಔಷಧಿ ಇದ್ದರೆ ಅದರ ಬ್ರ್ಯಾಂಡ್ ಹೆಸರು ಇಲ್ಲಿ ಗೊತ್ತಾಗುವುದಿಲ್ಲ. ಡೋಲೋ ಎಂದರೆ ಯಾರಿಗೂ ತಿಳಿಯದು. ಔಷಧಿಯ ಮೂಲ (ಜೆನೆರಿಕ್) ಹೆಸರನ್ನು ಪ್ಲಾನ್‌ನ ಔಷಧಿ ಪಟ್ಟಿಯಲ್ಲಿ, ಅಂದರೆ ಫಾರ್ಮುಲರಿಯಲ್ಲಿ ಹುಡುಕಿ ಯಾವ ಟಿಯರ್‌ನಲ್ಲಿದೆ ನೋಡಿ. ಮೊದಲ ಟಿಯರ್ ಅಗ್ಗ, ಮೇಲೆ ಹೋದಂತೆ ದುಬಾರಿ.

ಎಮರ್ಜೆನ್ಸಿ ಬಗ್ಗೆ ಒಂದು ಧೈರ್ಯದ ಮಾತು. 2022ರ ಜನವರಿ 1ರಿಂದ 'ನೋ ಸರ್ಪ್ರೈಸಸ್ ಆಕ್ಟ್' ಜಾರಿಯಲ್ಲಿದೆ. ಎಮರ್ಜೆನ್ಸಿಯಲ್ಲಿ ನೆಟ್‌ವರ್ಕ್ ಹೊರಗಿನ ಆಸ್ಪತ್ರೆಗೆ ಹೋದರೂ ನೆಟ್‌ವರ್ಕ್‌ನ ಲೆಕ್ಕದಲ್ಲೇ ನಿಮ್ಮ ಪಾಲು ಹಾಕಬೇಕು. ಆದರೆ ರಸ್ತೆಯ ಆಂಬ್ಯುಲೆನ್ಸ್ ಈ ಕಾನೂನಿನೊಳಗೆ ಇಲ್ಲ. ಜ್ವರ, ಹೊಟ್ಟೆನೋವು, ಸಣ್ಣ ಗಾಯಕ್ಕೆ ಎಮರ್ಜೆನ್ಸಿ ರೂಮ್ ಬದಲು, ಜೀವಾಪಾಯವಿಲ್ಲದ ತುರ್ತು ತೊಂದರೆಗಳನ್ನು ನೋಡುವ ಕ್ಲಿನಿಕ್ ಆದ ಅರ್ಜೆಂಟ್ ಕೇರ್‌ಗೆ ಹೋದರೆ ಖರ್ಚು ತುಂಬಾ ಕಡಿಮೆ. ಎದೆನೋವು, ಉಸಿರಾಟದ ತೊಂದರೆ, ಮೈ ಒಂದು ಕಡೆ ಸೋಲುವುದು ಇಂಥದ್ದಕ್ಕೆ ಲೆಕ್ಕ ಹಾಕುತ್ತ ಕೂರಬೇಡಿ, 911ಕ್ಕೆ ಕರೆ ಮಾಡಿ.

ಹೆಜ್ಜೆ 7: ಆರಿಸಿದ ಮೇಲೆ

ಡೆಂಟಲ್, ವಿಷನ್ ಎರಡೂ ಬೇರೆ ಪ್ಲಾನ್, ಬೇರೆ ಟಿಕ್ ಹಾಕಬೇಕು. ಎಲ್ಲ ಮುಗಿದ ಮೇಲೆ ಖಚಿತಪಡಿಸಿದ ಪುಟವನ್ನು ಪಿಡಿಎಫ್ ಮಾಡಿಟ್ಟುಕೊಳ್ಳಿ. ಮೊದಲ ಪೇ ಸ್ಟಬ್‌ನಲ್ಲಿ ಪ್ರೀಮಿಯಂ ಸರಿಯಾಗಿ ಹಿಡಿದಿದ್ದಾರಾ, ಹೆಂಡತಿ ಮಕ್ಕಳ ಹೆಸರು ಇನ್ಶೂರೆನ್ಸ್ ಖಾತೆಯಲ್ಲಿ ಇದೆಯಾ ನೋಡಿ. ಪಾಸ್‌ಪೋರ್ಟ್‌ನಲ್ಲಿ ಹೆಸರು ಹೇಗಿದೆಯೋ ಹಾಗೇ ಕಾರ್ಡ್‌ನಲ್ಲೂ ಇರಲಿ. ಇನಿಷಿಯಲ್ ಬಿಡಿಸಿ ಬರೆದ ನಮ್ಮ ಹೆಸರುಗಳು ಇಲ್ಲಿ ಹಿಂದುಮುಂದಾಗುವುದು ಸಾಮಾನ್ಯ, ಆಮೇಲೆ ಕ್ಲೇಮ್ ಸಿಕ್ಕಿಕೊಳ್ಳುತ್ತದೆ. ಮಗು ಹುಟ್ಟಿದರೆ 30 ದಿನದೊಳಗೆ ಸೇರಿಸಿ, ಹುಟ್ಟಿದ ದಿನದಿಂದಲೇ ಕವರ್ ಆಗುತ್ತದೆ. ಸೋಷಿಯಲ್ ಸೆಕ್ಯುರಿಟಿ ನಂಬರ್ ಬರಲಿ ಎಂದು ಕಾಯಬೇಡಿ.

ಡಾಕ್ಟರ್ ಬಳಿ ಹೋಗಿ ಬಂದ ಮೇಲೆ ಇಒಬಿ ಎಂಬ ಕಾಗದ ಬರುತ್ತದೆ. ಅದು ಬಿಲ್ ಅಲ್ಲ, ಯಾರು ಎಷ್ಟು ಕೊಡಬೇಕೆಂಬ ವಿವರ. ಆಸ್ಪತ್ರೆಯ ಬಿಲ್ ಬಂದಾಗ ಎರಡನ್ನೂ ಪಕ್ಕದಲ್ಲಿಟ್ಟು ನೋಡಿ, 'ಪೇಶಂಟ್ ರೆಸ್ಪಾನ್ಸಿಬಿಲಿಟಿ' ಅಂಕಿ ತಾಳೆಯಾದರೆ ಮಾತ್ರ ಕಟ್ಟಿ. ಕ್ಲೇಮ್ ನಿರಾಕರಿಸಿದರೆ ಅಪೀಲ್ ಮಾಡಲು 180 ದಿನ ಸಮಯವಿದೆ. ಅಲ್ಲೂ ಆಗದಿದ್ದರೆ, ಚಿಕಿತ್ಸೆ ಬೇಕಿತ್ತೋ ಇಲ್ಲವೋ ಎಂಬಂಥ ವಿಷಯದಲ್ಲಿ ಹೊರಗಿನವರಿಂದ ಪರಿಶೀಲನೆ ಕೇಳುವ ಹಕ್ಕೂ ಇದೆ.

ಕೆಲಸ ಹೋದರೆ ಏನು ಎಂಬುದನ್ನೂ ಈಗಲೇ ತಿಳಿದಿರಿ. 20 ಅಥವಾ ಹೆಚ್ಚು ನೌಕರರಿರುವ ಕಂಪನಿಯಾದರೆ ಕೋಬ್ರಾ ಎಂಬ ಕಾನೂನಿನಡಿ ಅದೇ ಪ್ಲಾನನ್ನು ಸಾಮಾನ್ಯವಾಗಿ 18 ತಿಂಗಳವರೆಗೆ ಮುಂದುವರಿಸಬಹುದು. ಆದರೆ ಕಂಪನಿಯ ಪಾಲೂ ಸೇರಿ ಪೂರ್ತಿ ಪ್ರೀಮಿಯಂ, ಮೇಲೆ ಶೇ 2ರವರೆಗೆ ಖರ್ಚು ನಿಮ್ಮದೇ. ತೀರ್ಮಾನಕ್ಕೆ 60 ದಿನ ಇರುತ್ತದೆ. ಆ ಅವಧಿಯೊಳಗೆ ಒಪ್ಪಿ ಹಿಂದಿನ ಪ್ರೀಮಿಯಂ ಕಟ್ಟಿದರೆ ಕವರೇಜ್ ಹಳೆಯದು ನಿಂತ ದಿನದಿಂದಲೇ ಸಿಗುತ್ತದೆ. ಹೊಸ ಕಂಪನಿಗೆ ಸೇರಿದಾಗ ಡಿಡಕ್ಟಿಬಲ್ ಸಾಮಾನ್ಯವಾಗಿ ಮತ್ತೆ ಮೊದಲಿನಿಂದ ಶುರು. ವರ್ಷದ ನಡುವೆ ಕೆಲಸ ಬದಲಿಸುವವರು ಬಾಕಿ ಇರುವ ಟೆಸ್ಟ್, ಔಷಧಿಗಳನ್ನು ಹಳೆಯ ಪ್ಲಾನ್ ಇರುವಾಗಲೇ ಮುಗಿಸಿಕೊಳ್ಳಿ. ಹಳೆಯ ಕವರೇಜ್ ಕೊನೆಯ ಕೆಲಸದ ದಿನಕ್ಕೇ ನಿಲ್ಲುತ್ತದೋ, ತಿಂಗಳ ಕೊನೆಯವರೆಗೆ ಇರುತ್ತದೋ ಎಂಬುದನ್ನು ರಾಜೀನಾಮೆ ಕೊಡುವ ಮೊದಲು ಕೇಳಿ ತಿಳಿದುಕೊಳ್ಳಿ.